ಮೆರಿಯನ್ ಬೀದಿಯ ನಾಲ್ಕು ಮನೆಗಳು: ಡಬ್ಲಿನ್‌ನಲ್ಲಿ ಐದು ದಿನ

ಮೊದಲ ದಿನ

ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಹುಟ್ಟಿ ಬೆಳೆದವರಿಗೆ ವೆಲ್ಲೆಸ್ಲಿ ಎಂಬ ಹೆಸರು ಶಾಲೆಯ ಪಾಠಕ್ಕಿಂತ ಮೊದಲೇ ಕಿವಿಗೆ ಬಿದ್ದಿರುತ್ತದೆ. ಕಾವೇರಿಯ ಮೇಲೆ ದಿವಾನ್ ಪೂರ್ಣಯ್ಯನವರು ಕಟ್ಟಿಸಿ 1804ರಲ್ಲಿ ಮುಗಿಸಿದ ಕಲ್ಲಿನ ಸೇತುವೆಗೆ ಆ ಹೆಸರಿದೆ. ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿರುವ ದರಿಯಾ ದೌಲತ್ ಅರಮನೆಯಲ್ಲಿ ಟಿಪ್ಪುವಿನ ಪತನದ ನಂತರ ವಾಸವಾಗಿದ್ದ ಕರ್ನಲ್‌ನ ಹೆಸರೂ ಅದೇ. ಈ ಇಬ್ಬರು ವೆಲ್ಲೆಸ್ಲಿಗಳು ಅಣ್ಣತಮ್ಮಂದಿರೆಂಬುದು ಊರಿನ ಅನೇಕರಿಗೆ ತಿಳಿಯದು. ಸೇತುವೆಗೆ ಹೆಸರು ಬಂದದ್ದು ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಆಗಿದ್ದ ಅಣ್ಣ ರಿಚರ್ಡ್‌ನಿಂದ. ಅರಮನೆಯಲ್ಲಿದ್ದವನು ಮುಂದೆ ವಾಟರ್‌ಲೂ ಗೆದ್ದು ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿಕೊಂಡ ತಮ್ಮ ಆರ್ಥರ್. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಚರಿತ್ರೆ ಹೇಳಿದ ನಾನು ಈ ವ್ಯತ್ಯಾಸವನ್ನು ಪ್ರತಿ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ.

ಡಬ್ಲಿನ್‌ನಲ್ಲಿ ಉದ್ಯೋಗದಲ್ಲಿರುವ ಮಗಳು ಈ ಆಗಸ್ಟ್‌ನಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡಾಗ, ಒಂದು ರಾತ್ರಿಯ ಮಟ್ಟಿಗೆ ಮೆರಿಯನ್ ಎಂಬ ಹೋಟೆಲಿನಲ್ಲಿ ಕೋಣೆ ಕಾದಿರಿಸಿರುವುದಾಗಿ ತಿಳಿಸಿದಳು. ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದೆಂದು ಹೇಳಲಾಗುವ ಮನೆ ಈಗ ಆ ಹೋಟೆಲಿನ ಒಂದು ಭಾಗ. ಅದನ್ನು ಕೇಳಿದ ನನ್ನಾಕೆ, "ನಮ್ಮೂರನ್ನು ಮುತ್ತಿಗೆ ಹಾಕಿದವನ ಮನೆಯಲ್ಲಿ ಅಷ್ಟು ದುಡ್ಡು ಕೊಟ್ಟು ಮಲಗಬೇಕೇನ್ರೀ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ, ಕುತೂಹಲವಂತೂ ಇತ್ತು.

ವಿಮಾನದಿಂದಿಳಿದ ದಿನ ಮಗಳು ನಮ್ಮನ್ನು ಹೆಚ್ಚು ನಡೆಸಲಿಲ್ಲ. ಸಂಜೆ ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದ ಅಂಚಿನಲ್ಲಿ ಸುತ್ತಾಡುವಾಗ ಅದರ ಉತ್ತರ ಬದಿಯಲ್ಲಿರುವ ಶೆಲ್‌ಬೋರ್ನ್ ಹೋಟೆಲನ್ನು ಹೊರಗಿನಿಂದ ನೋಡಿದೆವು. ಊರಿನ ಸಿರಿವಂತರ ಮನೆಗಳನ್ನು ಹೋಟೆಲಾಗಿ ಮಾರ್ಪಡಿಸುವ ಪರಿಪಾಠ ಇಲ್ಲಿ ಹೊಸದೇನಲ್ಲ. ಟಿಪ್ಪರರಿಯಿಂದ ಬಂದ ಮಾರ್ಟಿನ್ ಬರ್ಕ್ ಎಂಬಾತ 1824ರಲ್ಲಿ ಇಲ್ಲಿ ಅಕ್ಕಪಕ್ಕದ ಮೂರು ಮನೆಗಳನ್ನು ಹಿಡಿದು ಶೆಲ್‌ಬೋರ್ನ್ ಆರಂಭಿಸಿದ. ಆದರೆ ಆ ಮೂರು ಮನೆಗಳು ಇಂದು ಕಾಣಸಿಗುವುದಿಲ್ಲ, ಏಕೆಂದರೆ 1867ರಲ್ಲಿ ಜಾನ್ ಮೆಕ್‌ಕರ್ಡಿ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಇಡೀ ಹೋಟೆಲನ್ನು ಹೊಸದಾಗಿ ಕಟ್ಟಲಾಯಿತು. 1916ರ ಈಸ್ಟರ್ ದಂಗೆಯಲ್ಲಿ ಬ್ರಿಟಿಷ್ ಸೈನಿಕರು ಇದರ ಮೇಲ್ಮಹಡಿಗಳಿಂದ ಉದ್ಯಾನದೊಳಗಿದ್ದ ಬಂಡುಕೋರರ ಮೇಲೆ ಗುಂಡು ಹಾರಿಸಿದರು. ಆರು ವರ್ಷಗಳ ನಂತರ, 1922ರಲ್ಲಿ, ಸ್ವತಂತ್ರ ಐರಿಷ್ ರಾಜ್ಯದ ಸಂವಿಧಾನದ ಕರಡು ಇದೇ ಕಟ್ಟಡದ 112ನೆಯ ಕೋಣೆಯಲ್ಲಿ ಸಿದ್ಧವಾಯಿತು. ಹೆಸರು ಉಳಿದು ಮನೆಗಳು ಹೋದ ಹೋಟೆಲ್ ಇದು. ನಾಳೆ ನೋಡಬೇಕಾಗಿದ್ದದ್ದು ಮನೆಗಳೇ ಉಳಿದಿರುವ ಹೋಟೆಲನ್ನು.

ಎರಡನೆಯ ದಿನ

ಬೆಳಗಿನ ತುಂತುರು ಮಳೆಯಲ್ಲಿ ಮೆರಿಯನ್ ಚೌಕದಿಂದ ನಡಿಗೆ ಆರಂಭಿಸಿದೆವು. ಇಲ್ಲಿನವರು ಜಾರ್ಜಿಯನ್ ಎಂದು ಕರೆಯುವ ಕಾಲವು ಜಾರ್ಜ್ ಎಂಬ ಹೆಸರಿನ ನಾಲ್ವರು ರಾಜರು ಒಬ್ಬರ ನಂತರ ಒಬ್ಬರು ಆಳಿದ 1714ರಿಂದ 1830ರವರೆಗಿನ ಅವಧಿ. ಆ ಕಾಲದ ಮೊದಲ ಭಾಗದಲ್ಲಿ ಡಬ್ಲಿನ್‌ನ ದೊಡ್ಡವರೆಲ್ಲ ಲಿಫಿ ನದಿಯ ಉತ್ತರ ದಡದಲ್ಲಿದ್ದರು. 1745ರಲ್ಲಿ ಕಿಲ್ಡೇರ್‌ನ ಅರ್ಲ್, ರಿಚರ್ಡ್ ಕ್ಯಾಸಲ್ಸ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ದಕ್ಷಿಣದ ಬಯಲಿನ ಅಂಚಿನಲ್ಲಿ ತನ್ನ ಅರಮನೆ ಕಟ್ಟಿಸತೊಡಗಿದಾಗ ಹಲವರು ನಕ್ಕರಂತೆ. ತಾನು ಹೋದಲ್ಲಿಗೆ ಉಳಿದವರೂ ಬರುತ್ತಾರೆಂದು ಆತ ಹೇಳಿದನೆಂಬ ಮಾತು ಪ್ರಚಲಿತವಾಗಿದೆ. ಹೇಳಿದನೋ ಇಲ್ಲವೋ, ಜನ ಬಂದದ್ದು ನಿಜ. ಆ ಅರಮನೆಯೇ ಇಂದು ಐರ್ಲೆಂಡಿನ ಸಂಸತ್ತು ಸೇರುವ ಲೀನ್‌ಸ್ಟರ್ ಹೌಸ್. ಅದರ ಹಿಂದಿನ ಹೊಲಗಳ ಒಡೆಯರಾದ ಫಿಟ್ಸ್‌ವಿಲಿಯಂ ಮನೆತನದವರು 1762ರಿಂದ ಮೆರಿಯನ್ ಚೌಕವನ್ನು ನಿವೇಶನಗಳಾಗಿ ವಿಂಗಡಿಸತೊಡಗಿದರು.

ಈ ಬೀದಿಗಳ ಒಂದೇ ತೆರನಾದ ನೋಟಕ್ಕೆ ಕಾರಣ ಸೌಂದರ್ಯಪ್ರಜ್ಞೆಯಷ್ಟೇ ಅಲ್ಲ, ಗುತ್ತಿಗೆಯ ಪತ್ರವೂ ಹೌದು. ಜಮೀನಿನ ಒಡೆಯ ಬೀದಿಯ ಮುಖವನ್ನು ಇಷ್ಟಿಷ್ಟು ಅಡಿಗಳಿಗೆ ಹಂಚಿ ದೀರ್ಘಾವಧಿಯ ಗುತ್ತಿಗೆಗೆ ಕೊಡುತ್ತಿದ್ದ; ಹಿಡಿದವನು ತನ್ನ ಹಣ ಹಾಕಿ ಕಟ್ಟಿ, ಮಾರುತ್ತಲೋ ಬಾಡಿಗೆಗೆ ಕೊಡುತ್ತಲೋ ಲಾಭ ಮಾಡಿಕೊಳ್ಳುತ್ತಿದ್ದ. ಮನೆಯ ಎತ್ತರ, ಬೀದಿಯ ಗೆರೆ ಇತ್ಯಾದಿಗಳನ್ನು ಪತ್ರದಲ್ಲೇ ಕಟ್ಟುಮಾಡಿರುತ್ತಿದ್ದುದರಿಂದ ಹೊರಗೆ ಮೆರೆಯಲು ಹೆಚ್ಚು ಅವಕಾಶವಿರಲಿಲ್ಲ. ಸಾದಾ ಇಟ್ಟಿಗೆಯ ಗೋಡೆ, ಮೇಲಕ್ಕೆ ಹೋದಂತೆ ಗಿಡ್ಡವಾಗುವ ಕಿಟಕಿಗಳು, ಬೀದಿಯ ಮಟ್ಟಕ್ಕಿಂತ ಕೆಳಗೆ ಅಡುಗೆಮನೆ, ಮೊದಲ ಮಹಡಿಯಲ್ಲಿ ಅತಿಥಿಗಳ ದಿವಾನಖಾನೆ, ಸೂರಿನಡಿಯ ಇಕ್ಕಟ್ಟಿನಲ್ಲಿ ಆಳುಗಳ ಮಲಗುವ ಕೋಣೆ: ಇಷ್ಟು ಎಲ್ಲ ಮನೆಗಳಿಗೂ ಸಮಾನ. ಉಳಿದ ಆಸೆಯನ್ನೆಲ್ಲ ಮುಂಬಾಗಿಲಿನ ಮೇಲೆ ತೀರಿಸಿಕೊಂಡರು. ಬಾಗಿಲ ನೆತ್ತಿಯಲ್ಲಿ ಬೀಸಣಿಗೆ ಬಿಚ್ಚಿಟ್ಟಂತಿರುವ ಗಾಜಿನ ಕಮಾನು ಒಳಗಿನ ಕತ್ತಲ ನಡುಮನೆಗೆ ಬೆಳಕು ತರುವುದಕ್ಕೆ ಇದ್ದದ್ದು. ಅದರ ವಿನ್ಯಾಸ ಮಾತ್ರ ಒಂದು ಮನೆಯದು ಇನ್ನೊಂದಕ್ಕಿಲ್ಲ. ನಮ್ಮ ಕಡೆ ಹೊರಗೆ ಸುಣ್ಣದ ಗೋಡೆ ಕಟ್ಟಿ, ಬಾಗಿಲುವಾಡಕ್ಕೆ ಮಾತ್ರ ಕೆತ್ತನೆ ಮಾಡಿಸಿದ ಮನೆಗಳನ್ನು ಕಂಡವರಿಗೆ ಈ ಸಂಯಮವೂ ಈ ಜಂಬವೂ ಅಪರಿಚಿತವೆನಿಸವು.

ಚೌಕದ 58ನೆಯ ಮನೆ ಕ್ಯಾಥೊಲಿಕರ ನಾಯಕ ಡೇನಿಯಲ್ ಓ'ಕಾನೆಲ್‌ನದು. ಕೊಟ್ಟಿಗೆಯಲ್ಲಿ ಹುಟ್ಟಿದ ಮಾತ್ರಕ್ಕೆ ಮನುಷ್ಯ ಕುದುರೆಯಾಗುವುದಿಲ್ಲವೆಂಬ ಮಾತನ್ನು, ತಾನು ಐರಿಷನಲ್ಲವೆಂದು ಹೇಳಿಕೊಳ್ಳಲು ವೆಲಿಂಗ್ಟನ್ ಆಡಿದನೆಂದು ನಾನು ತರಗತಿಯಲ್ಲಿ ಹೇಳಿದ್ದುಂಟು. ವಾಸ್ತವವಾಗಿ ಅದು ವೆಲಿಂಗ್ಟನ್‌ನನ್ನು ಕುರಿತು ಓ'ಕಾನೆಲ್ ಆಡಿದ ಕುಹಕ. ಮೂವತ್ತು ವರ್ಷದ ತಪ್ಪನ್ನು ಇಲ್ಲಿ ತಿದ್ದಿಕೊಂಡಿದ್ದೇನೆ. ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು.

ಚೌಕದಿಂದ ಮೇಲಿನ ಮೆರಿಯನ್ ಬೀದಿಗೆ ತಿರುಗಿದರೆ ಎಡಬಲಗಳು ಹೊಂದುವುದಿಲ್ಲ. ಒಂದು ಬದಿಯಲ್ಲಿ 21ರಿಂದ 24ರವರೆಗಿನ ನಾಲ್ಕು ಇಟ್ಟಿಗೆಯ ಮನೆಗಳು ಸದ್ದಿಲ್ಲದೆ ನಿಂತಿದ್ದರೆ, ಎದುರಿಗೆ ಗುಮ್ಮಟವಿರುವ, ಬಿಳಿಗಲ್ಲಿನ ಭಾರಿ ಸರ್ಕಾರಿ ಭವನವಿದೆ. ಐರ್ಲೆಂಡಿನ ಪ್ರಧಾನಿಯ ಕಚೇರಿ ಅಲ್ಲೇ. ವಿಜ್ಞಾನ ಕಾಲೇಜಿಗೆಂದು ಆರಂಭವಾದ ಈ ಭವನವನ್ನು 1911ರಲ್ಲಿ ಐದನೆಯ ಜಾರ್ಜ್ ಉದ್ಘಾಟಿಸಿದ. ಅದಕ್ಕೆ ಜಾಗ ಮಾಡಿಕೊಡಲು ಆ ಬದಿಯ ಜಾರ್ಜಿಯನ್ ಮನೆಗಳ ಸಾಲನ್ನು ನೆಲಸಮ ಮಾಡಲಾಯಿತು. ಹೋಟೆಲಿನ ನಾಲ್ಕು ಮನೆಗಳು ಉಳಿದದ್ದಕ್ಕೆ ಅವು ರಸ್ತೆಯ ಈಚೆ ಬದಿಯಲ್ಲಿದ್ದದ್ದೂ ಒಂದು ಕಾರಣವೆನ್ನಬೇಕು.

ಹೋಟೆಲಿನ ದ್ವಾರ ಎಷ್ಟು ಸಾಧಾರಣವಾಗಿದೆಯೆಂದರೆ ನನ್ನಾಕೆ ಅದನ್ನು ದಾಟಿ ಮುಂದೆ ಹೋಗಿದ್ದಳು. ದೊಡ್ಡ ನಾಮಫಲಕವಿಲ್ಲ, ಮುಂಚಾಚಿದ ಮಂಟಪವಿಲ್ಲ. ಯಾರದೋ ಮನೆಗೆ ಹೋದಂತೆ ಬಾಗಿಲು ದಾಟಬೇಕು. ಚಾರ್ಲ್ಸ್ ಮಾಂಕ್ ಎಂಬ ಶ್ರೀಮಂತ 1760ರ ದಶಕದಲ್ಲಿ ವರ್ತಕರಿಗೂ ಕುಲೀನರಿಗೂ ಬಾಡಿಗೆಗೆ ಕೊಡಲೆಂದು ಈ ಸಾಲನ್ನು ಕಟ್ಟಿಸಿ, 22ನೆಯದನ್ನು ತನಗಿಟ್ಟುಕೊಂಡ. ಸಾಲಿನಲ್ಲಿ ಎಲ್ಲಕ್ಕಿಂತ ಅಗಲವಾದ 24ನೆಯ ಮನೆಯನ್ನು 1769ರಲ್ಲಿ ಗುತ್ತಿಗೆಗೆ ಹಿಡಿದವನು ಮಾರ್ನಿಂಗ್ಟನ್‌ನ ಮೊದಲ ಅರ್ಲ್ ಗ್ಯಾರೆಟ್ ವೆಸ್ಲಿ. ಮನೆತನದ ಹೆಸರು ವೆಲ್ಲೆಸ್ಲಿಯೆಂದು ಬದಲಾದದ್ದು ಆಮೇಲೆ, 1798ರ ಸುಮಾರಿಗೆ. ಈ ಗ್ಯಾರೆಟ್ ಯುದ್ಧದ ಮನುಷ್ಯನೇ ಅಲ್ಲ. ಒಳ್ಳೆಯ ಸಂಗೀತಗಾರ, 1764ರಲ್ಲಿ ಟ್ರಿನಿಟಿ ಕಾಲೇಜು ಸಂಗೀತಕ್ಕೆ ನೇಮಿಸಿದ ಮೊದಲ ಪ್ರಾಧ್ಯಾಪಕ. ಮನೆ ಹಿಡಿದ ವರ್ಷವೇ ಆತನಿಗೆ ಆರ್ಥರ್ ಹುಟ್ಟಿದ.

ಎಲ್ಲಿ ಹುಟ್ಟಿದ, ಯಾವಾಗ ಹುಟ್ಟಿದ ಎಂಬ ಬಗ್ಗೆ ಸಾಕಷ್ಟು ಜಗ್ಗಾಟವಿದೆ. ತಾಯಿ ಹೇಳಿದ್ದು ಮೇ 1. ಸೇಂಟ್ ಪೀಟರ್ಸ್ ಚರ್ಚಿನ ದಾಖಲೆಯಲ್ಲಿ ಏಪ್ರಿಲ್ 30ರಂದೇ ದೀಕ್ಷಾಸ್ನಾನವಾಗಿದೆ. ಮೀತ್ ಪ್ರಾಂತ್ಯದಲ್ಲಿದ್ದ ಮನೆತನದ ಡಾಂಗನ್ ಕೋಟೆಯೇ ಜನ್ಮಸ್ಥಳವೆನ್ನುವವರೂ ಇದ್ದಾರೆ. ಹೆಚ್ಚಿನವರು ಒಪ್ಪುವುದು ಮೆರಿಯನ್ ಬೀದಿಯ ಈ ಮನೆಯನ್ನು, ಆಗ ಅದರ ಸಂಖ್ಯೆ 6. ಮೇ 1 ಸರಿಯಾದರೆ ಆತನಿಗೆ ಮೂವತ್ತು ತುಂಬಿದ್ದು 1799ರಲ್ಲಿ, ನಮ್ಮ ಕೋಟೆಯ ಗೋಡೆಗೆ ಫಿರಂಗಿ ಹೊಡೆಯುತ್ತಿದ್ದ ದಿನಗಳಲ್ಲಿ. ಕೋಟೆ ಬಿದ್ದದ್ದು ಮೇ 4ರಂದು. ಅದಕ್ಕೆ ಒಂದು ತಿಂಗಳ ಹಿಂದೆ, ಏಪ್ರಿಲ್ 5ರ ರಾತ್ರಿ, ಸುಲ್ತಾನಪೇಟೆಯ ತೋಪಿನ ಕತ್ತಲಲ್ಲಿ ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ಹಿಮ್ಮೆಟ್ಟಿದ ಅವಮಾನವನ್ನು ಆತ ಮರೆಯಲಿಲ್ಲ. ಹಗಲಿನಲ್ಲಿ ನೋಡಿಕೊಳ್ಳದ ನೆಲೆಯ ಮೇಲೆ ರಾತ್ರಿ ದಾಳಿ ಮಾಡಬಾರದೆಂದು ನಿಶ್ಚಯಿಸಿದ್ದು ಆಗಲೇ. ಮುತ್ತಿಗೆಯ ಅಂತಿಮ ದಾಳಿಯನ್ನು ಮುನ್ನಡೆಸಿದವನು ಡೇವಿಡ್ ಬೇರ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ. ಕೋಟೆಯ ಅಧಿಕಾರ ಸಿಕ್ಕಿದ್ದು ಗವರ್ನರ್ ಜನರಲ್‌ನ ತಮ್ಮನಿಗೆ. ಬೇರ್ಡ್‌ಗೆ ಇದು ಬಹುಕಾಲ ನೋವಾಗಿ ಉಳಿಯಿತು.

ಮೂರನೆಯ ದಿನ

ನಮಗೆ ಕೊಟ್ಟಿದ್ದ ಕೋಣೆ ಹಿಂದಿನ ತೋಟದ ಬದಿಯ ಹೊಸ ಕಟ್ಟಡದಲ್ಲಿತ್ತು. ಒಟ್ಟು 142 ಕೋಣೆಗಳ ಹೋಟೆಲನ್ನು ನಾಲ್ಕು ಹಳೆಯ ಮನೆಗಳಲ್ಲೇ ಅಡಗಿಸುವುದು ಸಾಧ್ಯವಿಲ್ಲ. ಮುಂದೆ ಮನೆಗಳನ್ನು ಉಳಿಸಿಕೊಂಡು, ಹಿಂದೆ ತೋಟದ ಸುತ್ತ ಹೊಸ ಭಾಗವನ್ನು ಕಟ್ಟಿದ್ದಾರೆ. ಹಾಗಾಗಿ ವೆಲಿಂಗ್ಟನ್‌ನ ಮನೆಯಲ್ಲಿ ಮಲಗುವ ಪ್ರಶ್ನೆ ತಾನಾಗಿ ಇತ್ಯರ್ಥವಾಯಿತು, ನನ್ನಾಕೆ ನೆಮ್ಮದಿಯಿಂದ ನಿದ್ದೆ ಮಾಡಿದಳು. ನಾನು ಬೆಳಗಿನ ಆರಕ್ಕೇ ಎದ್ದು ಹಳೆಯ ಮನೆಗಳಲ್ಲಿ ಅಡ್ಡಾಡಿದೆ. ಒಂದು ಮನೆಯಿಂದ ಮತ್ತೊಂದಕ್ಕೆ ಯಾವಾಗ ದಾಟಿದೆನೆಂಬುದು ನೆಲ ನೋಡಿದರೆ ಗೊತ್ತಾಗುವುದಿಲ್ಲ, ತಲೆಯೆತ್ತಿ ನೋಡಬೇಕು. ಗಾರೆಯಲ್ಲಿ ಎಲೆ, ಹೂಬಳ್ಳಿಗಳನ್ನು ಲಂಗುಲಗಾಮಿಲ್ಲದೆ ಹರಿಯಬಿಟ್ಟ ರೊಕೊಕೊ ಮಾದರಿಯ ಚಾವಣಿಗಳು ಇಲ್ಲಿನ ಹೆಮ್ಮೆ. ಹೊರಗೆ ಗುತ್ತಿಗೆ ಪತ್ರಕ್ಕೆ ಬಗ್ಗಿದವರು ಒಳಗೆ ಸೇಡು ತೀರಿಸಿಕೊಂಡಂತಿದೆ. ನೆಲಮಾಳಿಗೆಯಲ್ಲಿ, ಹದಿನೆಂಟನೆಯ ಶತಮಾನದಲ್ಲಿ ದ್ರಾಕ್ಷಾರಸದ ಪೀಪಾಯಿಗಳಿದ್ದ ಕಮಾನುಗಳಡಿ, ಈಗ ಪಾನಗೃಹವಿದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಚಾವಣಿಯಲ್ಲ, ನಡುವಿನ ಇನ್ನೂರು ವರ್ಷ. ಡಬ್ಲಿನ್‌ನಲ್ಲಿದ್ದ ಐರಿಷ್ ಸಂಸತ್ತು 1800ರಲ್ಲಿ ತನ್ನನ್ನು ತಾನೇ ವಿಸರ್ಜಿಸಿಕೊಳ್ಳುವ ಕಾಯಿದೆಗೆ ಮತ ಹಾಕಿ, 1801ರ ಜನವರಿ 1ರಿಂದ ಅಧಿಕಾರವೆಲ್ಲ ಲಂಡನ್‌ಗೆ ಹೋಯಿತು. ಅಧಿಕಾರದ ಹಿಂದೆ ಕುಲೀನರೂ ಹೋದರು. ವರ್ಷದಲ್ಲಿ ಕೆಲವು ತಿಂಗಳ ಅಧಿವೇಶನಕ್ಕಾಗಿ ಇಟ್ಟುಕೊಂಡಿದ್ದ ಈ ದೊಡ್ಡ ಮನೆಗಳು ಅವರಿಗೆ ಬೇಡವಾದವು, ಬೆಲೆ ಕುಸಿಯಿತು, ವಕೀಲರು, ವೈದ್ಯರು ಬಂದರು, ಅವರ ನಂತರ ಕಚೇರಿಗಳು ಬಂದವು. ಮಾರ್ನಿಂಗ್ಟನ್ ಮನೆತನ ಅಷ್ಟು ಹೊತ್ತಿಗಾಗಲೇ 24ನೆಯ ಮನೆಯ ಸಂಬಂಧ ಕಳೆದುಕೊಂಡಿತ್ತು. ಕೊನೆಗೆ ಆ ಮನೆಯಲ್ಲಿ ಬಹುಕಾಲ ತಳವೂರಿದ್ದು ಐರಿಷ್ ಭೂ ಆಯೋಗ.

ಈ ಆಯೋಗ ಹುಟ್ಟಿದ್ದು 1881ರ ಭೂ ಕಾಯಿದೆಯಿಂದ, ಮೊದಲಿಗೆ ನ್ಯಾಯವಾದ ಗೇಣಿ ಎಷ್ಟೆಂದು ನಿರ್ಧರಿಸುವುದಕ್ಕಾಗಿ. 1885ರ ಕಾಯಿದೆಯ ನಂತರ ಅದರ ಕೆಲಸ ಬೇರೆಯೇ ಆಯಿತು: ಸರ್ಕಾರ ಜಮೀನ್ದಾರನಿಗೆ ಹಣ ಕೊಟ್ಟು ಭೂಮಿ ಬಿಡಿಸಿ, ಗೇಣಿದಾರನಿಗೆ ವರ್ಗಾಯಿಸಿ, ಆತನಿಂದ ದೀರ್ಘ ಕಂತುಗಳಲ್ಲಿ ವಸೂಲು ಮಾಡುವ ಲೆಕ್ಕವನ್ನೆಲ್ಲ ಆಯೋಗ ನೋಡಿಕೊಂಡಿತು. ಸ್ವಾತಂತ್ರ್ಯದ ನಂತರ 1923ರ ಕಾಯಿದೆಯು ಭೂಮಿಯನ್ನು ಕಡ್ಡಾಯವಾಗಿ ವಶಪಡಿಸಿಕೊಳ್ಳುವ ಅಧಿಕಾರವನ್ನೂ ಕೊಟ್ಟಿತು. ಹಳ್ಳಿಗಳಲ್ಲಿ ಸಾವಿರಾರು ಎಕರೆ ಇಟ್ಟುಕೊಂಡು, ಅದರ ಗೇಣಿಯ ದುಡ್ಡಿನಲ್ಲಿ ಪಟ್ಟಣದಲ್ಲಿ ಇಂಥ ಗಾರೆಯ ಚಾವಣಿ ಮಾಡಿಸಿದ್ದ ವರ್ಗದ ಜಮೀನುಗಳನ್ನು, ಅದೇ ಚಾವಣಿಗಳಡಿ ಮೇಜು ಹಾಕಿಕೊಂಡು ಕುಳಿತ ಗುಮಾಸ್ತರು ಕಡತದಿಂದ ಕಡತಕ್ಕೆ ಬಿಡಿಸಿ ರೈತರಿಗೆ ಹಂಚಿದರು. ನಾನು ಈ ಪ್ರವಾಸದಲ್ಲಿ ಕಂಡ ಸಂಗತಿಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ದೇವರಾಜ ಅರಸರ ಕಾಲದಲ್ಲಿ ನಮ್ಮ ತಂದೆ ಡಿಕ್ಲರೇಷನ್ ಕಾಗದ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ದಿನಗಟ್ಟಲೆ ಕಾಯುತ್ತಿದ್ದದ್ದು ನೆನಪಾಯಿತು. ಅಲ್ಲಿ ಚಾವಣಿಗೆ ಹೂಬಳ್ಳಿ ಇರಲಿಲ್ಲ, ಅಷ್ಟೇ.

ಕಚೇರಿಯಾಗಿದ್ದದ್ದೇ ಮನೆಗಳನ್ನು ಉಳಿಸಿತೆಂದು ನನಗೆ ತೋರುತ್ತದೆ. ಸರ್ಕಾರಕ್ಕೆ ಕೆಡವಲು ದುಡ್ಡೂ ಇರಲಿಲ್ಲ, ಬೆಳಗಿಸಲು ಮನಸ್ಸೂ ಇರಲಿಲ್ಲ. ಖಾಸಗಿಯವರ ಅಥವಾ ನಿಗಮಗಳ ಕೈಗೆ ಸಿಕ್ಕವುಗಳ ಗತಿ ಹಾಗಲ್ಲ. ಇಲ್ಲಿಂದ ಸ್ವಲ್ಪವೇ ದೂರದ ಕೆಳ ಫಿಟ್ಸ್‌ವಿಲಿಯಂ ಬೀದಿಯಲ್ಲಿ ವಿದ್ಯುತ್ ಮಂಡಳಿಯು ತನ್ನ ಕಚೇರಿಗಾಗಿ 1965ರಲ್ಲಿ ಹದಿನಾರು ಮನೆಗಳನ್ನು ಸಾಲಾಗಿ ಕೆಡವಿತು, ನಗರದ ಅತಿ ಉದ್ದದ ಜಾರ್ಜಿಯನ್ ಸಾಲು ನಡುವೆಯೇ ತುಂಡಾಯಿತು. ಮೆರಿಯನ್ ಬೀದಿಯ ನಾಲ್ಕು ಮನೆಗಳು ಮಾತ್ರ ಕಾದು ಕುಳಿತು, ಕಸುಬು ಬಲ್ಲವರ ಕೈಯಲ್ಲಿ ದುರಸ್ತಿ ಕಂಡು, 1997ರಲ್ಲಿ ಹೋಟೆಲಾಗಿ ತೆರೆದವು.

ಮಧ್ಯಾಹ್ನ ಹೊರಡುವ ಮೊದಲು ದಿವಾನಖಾನೆಯಲ್ಲಿ ಚಹಾ ಕುಡಿದೆವು. ಗೋಡೆಯ ಮೇಲೆ ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನದ ಐರಿಷ್ ಚಿತ್ರಕಾರರ ಮೂಲ ಕೃತಿಗಳಿವೆ, ಜ್ಯಾಕ್ ಬಿ. ಯೇಟ್ಸ್‌ನದೂ ಸೇರಿದಂತೆ, ಆ ಚಿತ್ರಗಳ ಬಣ್ಣ, ಆಕಾರಗಳನ್ನೇ ಅನುಕರಿಸಿದ ಪುಟ್ಟ ಕೇಕುಗಳನ್ನು ಚಹಾದೊಂದಿಗೆ ಕೊಡುವುದು ಇಲ್ಲಿನ ವಿಶೇಷ. ತಿನ್ನಲು ಮನಸ್ಸು ಬಾರದಷ್ಟು ಅಂದವಾಗಿದ್ದವು. ಬಿಲ್ಲನ್ನು ಮಗಳು ನಮಗೆ ತೋರಿಸಲಿಲ್ಲ.

ನಾಲ್ಕನೆಯ ದಿನ

ಒಂದೇ ಬಗೆಯ ಮನೆಗೆ ಬೇರೊಂದು ಗತಿ ಒದಗಿದ್ದನ್ನೂ ನೋಡಬೇಕೆಂದು ನದಿಯ ಉತ್ತರಕ್ಕೆ, ಹೆನ್ರಿಯೆಟಾ ಬೀದಿಯ 14ನೆಯ ಮನೆಗೆ ಹೋದೆವು. ಇದು 1740ರ ದಶಕದ ಕೊನೆಯಲ್ಲಿ ಕಟ್ಟಿದ ಮನೆ, ಮೆರಿಯನ್ ಬೀದಿಯವುಗಳಿಗಿಂತಲೂ ಭವ್ಯ. ಕುಲೀನರು ಹೋದ ಮೇಲೆ ಇದು ಕೈಯಿಂದ ಕೈಗೆ ಜಾರುತ್ತ, 1877ರಲ್ಲಿ ಬಾಡಿಗೆ ವಠಾರವಾಯಿತು. ಜಾಗ ಹೆಚ್ಚಿಸಲು ಮುಖ್ಯ ಮೆಟ್ಟಿಲನ್ನೇ ಕಿತ್ತುಹಾಕಿದರು. 1911ರ ಜನಗಣತಿಯ ರಾತ್ರಿ ಈ ಒಂದು ಮನೆಯಲ್ಲಿ 17 ಕುಟುಂಬಗಳ 100 ಮಂದಿ ಇದ್ದರು. ಕೊನೆಯ ಕುಟುಂಬಗಳು ತೆರಳಿದ್ದು 1970ರ ದಶಕದ ಕೊನೆಗೆ. ನಗರಸಭೆ ವರ್ಷಗಟ್ಟಲೆ ದುರಸ್ತಿ ಮಾಡಿಸಿ 2018ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಹಿಂದಿನ ಮೆಟ್ಟಿಲ ಗೋಡೆಗಳಿಗೆ ಕೆಳಗೆ ಕೆಮ್ಮಣ್ಣಿನ ಕೆಂಪು, ಮೇಲೆ ನೀಲಿ ಬಳಿದಿದೆ. ಆ ನೀಲಿ ಬಟ್ಟೆಗೆ ಹಾಕುವ ರೆಕಿಟ್ಸ್ ಕಂಪನಿಯ ನೀಲಿಯೆಂದು ಮಾರ್ಗದರ್ಶಿ ಹೇಳಿದಾಗ ನನ್ನಾಕೆಯ ಮುಖ ಅರಳಿತು. ಯುಗಾದಿಗೆ ಸುಣ್ಣ ಹೊಡೆಯುವಾಗ ಅದೇ ಕಂಪನಿಯ ರಾಬಿನ್ ನೀಲಿಯನ್ನು ಚಿಟಿಕೆ ಬೆರೆಸದ ಮನೆ ನಮ್ಮ ಬೀದಿಯಲ್ಲಿ ಯಾವುದಿತ್ತು? ಮೆರಿಯನ್‌ನ ಹೂಬಳ್ಳಿಯ ಚಾವಣಿಗಳಡಿ ಒಂದು ಮಾತನ್ನೂ ಆಡದಿದ್ದ ಅವಳು, ಇಲ್ಲಿ ನೂರು ಜನರಿಗೆ ನೀರು ಎಲ್ಲಿಂದ ಬರುತ್ತಿತ್ತು, ಒಲೆ ಎಲ್ಲಿ ಹೂಡುತ್ತಿದ್ದರು, ಕೂಸುಗಳನ್ನು ಎಲ್ಲಿ ಮಲಗಿಸುತ್ತಿದ್ದರು ಎಂದು ಮಗಳ ಮೂಲಕ ಕೇಳಿದ್ದೇ ಕೇಳಿದ್ದು. ನೋಟ ಮುಗಿಯುವ ಹೊತ್ತಿಗೆ ನಿಗದಿತ ಸಮಯ ಮೀರಿತ್ತು.

ಐದನೆಯ ದಿನ

ಕೊನೆಯ ದಿನ ಬಿಸಿಲು ಬಂತು. ಫೀನಿಕ್ಸ್ ಉದ್ಯಾನದಲ್ಲಿ ವೆಲಿಂಗ್ಟನ್‌ನ ಸ್ಮಾರಕವಾಗಿ ನಿಂತಿರುವ 62 ಮೀಟರ್ ಎತ್ತರದ ಕಲ್ಲಿನ ಚೌಕಗಂಬ ಬಹು ದೂರದಿಂದಲೇ ಕಾಣುತ್ತದೆ. ರಾಬರ್ಟ್ ಸ್ಮರ್ಕ್‌ನ ವಿನ್ಯಾಸದಲ್ಲಿ 1817ರಲ್ಲಿ ಅಡಿಗಲ್ಲಿಟ್ಟ ಕೆಲಸ ದುಡ್ಡು ಸಾಲದೆ ನಿಂತು, ಪೂರ್ತಿಯಾದದ್ದು 1861ರಲ್ಲಿ. ಅಷ್ಟರಲ್ಲಿ ಡ್ಯೂಕ್ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು. ತಳದ ಮೂರು ಮುಖಗಳಲ್ಲಿ, ವಾಟರ್‌ಲೂವಿನಲ್ಲಿ ವಶಪಡಿಸಿಕೊಂಡ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದ ಕಂಚಿನ ಉಬ್ಬುಚಿತ್ರಗಳಿವೆ. ಒಂದು ವಾಟರ್‌ಲೂ, ಒಂದು ಆತ ಪ್ರಧಾನಿಯಾಗಿದ್ದಾಗ 1829ರಲ್ಲಿ ಕ್ಯಾಥೊಲಿಕರಿಗೆ ದೊರೆತ ಹಕ್ಕು, ಮತ್ತೊಂದು ಭಾರತದ ಯುದ್ಧಗಳು. ಜೋಸೆಫ್ ಕರ್ಕ್ ಎಂಬ ಶಿಲ್ಪಿಯ ಆ ಫಲಕದ ಮುಂದೆ ನಾವು ಹೆಚ್ಚು ಹೊತ್ತು ನಿಂತೆವು. ಊರಿನ ಗುರುತು ಸಿಗುವುದೇ ಎಂದು ಹುಡುಕಿದೆ. ಡಬ್ಲಿನ್‌ನ ಶಿಲ್ಪಿ ಕಂಡ ಭಾರತದಲ್ಲಿ ಕಾವೇರಿಯನ್ನು ಹುಡುಕುವುದು ನನ್ನದೇ ತಪ್ಪು.

ನಾಲ್ಕನೆಯ ಮುಖದಲ್ಲಿ ಪದ್ಯವಿದೆ. ನಿನ್ನಿಂದ ರಕ್ಷಿತವಾದ ಏಷ್ಯಾ ಮತ್ತು ಯೂರೋಪುಗಳು ನಿನ್ನ ಅಳಿಯದ ಹೆಸರನ್ನು ಸಾರುತ್ತವೆ ಎಂಬರ್ಥದಲ್ಲಿ ಅದು ಆರಂಭವಾಗುತ್ತದೆ. ಬರೆದವನು ಅಣ್ಣ ರಿಚರ್ಡ್.

"ಏಷ್ಯಾನ ಯಾರಿಂದ ರಕ್ಷಣೆ ಮಾಡಿದ್ದು ಅಪ್ಪಾ?" ಎಂದು ಮಗಳು ಕೇಳಿದಳು.

ಆ ಪದ್ಯದ ಚಿತ್ರ ತೆಗೆದು, ಸೇತುವೆಯ ವೆಲ್ಲೆಸ್ಲಿ ತಮ್ಮನ ಮೇಲೆ ಕಟ್ಟಿದ ಪದ್ಯ ಇದೆಂದು ಬರೆದು ಗಂಜಾಮಿನಲ್ಲಿರುವ ನನ್ನ ತಮ್ಮನಿಗೆ ಕಳುಹಿಸಿದೆ. ಬಸ್ಸಿಗೆ ಕಾಯುತ್ತಿದ್ದಾಗ ಅವನ ಉತ್ತರ ಬಂತು. ಕನ್ನಂಬಾಡಿಯಿಂದ ನೀರು ಬಿಟ್ಟಿದ್ದಾರೆ, ವೆಲ್ಲೆಸ್ಲಿ ಸೇತುವೆಯ ಎರಡೂ ಕಡೆ ಪೊಲೀಸರು ಅಡ್ಡಗಟ್ಟಿದ್ದಾರೆ, ಅಣ್ಣ ಬರುವಷ್ಟರಲ್ಲಿ ನೀರು ಇಳಿದೀತು ಎಂದು ಬರೆದಿದ್ದ.